ವಾರಕ್ಕೊಂದು ವಿಷಯ, ವಾರಕ್ಕೊಂದು ಪಟ

ಡಿಸೆಂಬರಿನ ಒಂದು ಸೋಮವಾರ ಮೊಬೈಲಿಗೆ ಬಂದ ವಿಷಯ ‘ಚಳಿಗಾಲ’. ದೂರದೇಶದ ಹವ್ಯಾಸಿಗಳು ಹಿಮ ಹೊದ್ದ ಬೇಲಿ, ಹೆಪ್ಪುಗಟ್ಟಿದ ಕೆರೆ, ಟೊಪ್ಪಿಗೆ ಹಾಕಿದ ನಾಯಿ ಎಂದೆಲ್ಲ ತೆಗೆದು ಕಳಿಸುತ್ತಾರೆ. ಸಿಂಧನೂರಿನವರು ಏನು ಕಳಿಸಬೇಕು? ನಮ್ಮಲ್ಲಿ ಆ ಹೊತ್ತಿಗೆ ಮುಂಗಾರಿನ ಭತ್ತ ಕೊಯ್ಲಾಗಿ ರಸ್ತೆಗೆ ಬಂದು ಬಿದ್ದಿರುತ್ತದೆ. ಅರ್ಧ ರಸ್ತೆ ಭತ್ತಕ್ಕೆ, ಅರ್ಧ ಲಾರಿಗೆ. ಇಬ್ಬನಿಗೆ ಹೆದರಿ ರಾಶಿಯ ಮೇಲೆ ತಾಡಪತ್ರಿ ಹೊದಿಸಿ, ಅದರ ಮಗ್ಗುಲಲ್ಲೇ ಕಂಬಳಿ ಮುಸುಕು ಹಾಕಿ ರೈತ ಮಲಗಿರುತ್ತಾನೆ. ಬೆಳಗಿನ ಜಾವ ನೋಡಿದರೆ ಯಾವುದು ಭತ್ತ, ಯಾವುದು ಮನುಷ್ಯ ತಿಳಿಯುವುದಿಲ್ಲ. ಚಳಿಗಾಲದ ಪಟ ಬೇರೆ ಎಲ್ಲೂ ಹುಡುಕಬೇಕಾಗಿರಲಿಲ್ಲ. ಆದರೆ ಆ ವಿಷಯ ಬರುವವರೆಗೆ ಆ ರಸ್ತೆ ನನಗೆ ಬೈಕು ನಿಧಾನ ಮಾಡಬೇಕಾದ ಜಾಗ ಮಾತ್ರವಾಗಿತ್ತು.

ಈ ಆಟದ ನಿಯಮ ಸರಳ. ವಾರದ ಆರಂಭದಲ್ಲಿ ಯಾರೋ ಒಂದು ವಿಷಯ ಕೊಡುತ್ತಾರೆ: ‘ನೆರಳು’, ‘ಸಾಲು’, ‘ಕೆಂಪು’, ‘ಕಾಯುವುದು’. ವಾರ ಮುಗಿಯುವುದರೊಳಗೆ ಅದಕ್ಕೊಪ್ಪುವ ಒಂದೇ ಒಂದು ಪಟ ಕೊಡಬೇಕು. ಅದು ಆ ವಾರವೇ ತೆಗೆದದ್ದಾಗಿರಬೇಕು, ಹಳೆಯ ಗಂಟಿನಿಂದ ಎತ್ತಿ ಕೊಡುವಂತಿಲ್ಲ. ಬಹುಮಾನವಿದ್ದರೆ ಇರಬಹುದು, ಇಲ್ಲದಿದ್ದರೆ ಇಲ್ಲ. ವರ್ಷಕ್ಕೆ 52 ವಾರ, 52 ಪಟ. ಸಂಬಳವಿಲ್ಲದ ಹವ್ಯಾಸಕ್ಕೆ ಶಾಲೆಯ ಹೋಂವರ್ಕಿನ ಶಿಸ್ತು ಎಲ್ಲಿಂದ ಬಂತು?

ಅದರ ಬೇರು ಹುಡುಕಿದರೆ ಅಂಚೆಪೆಟ್ಟಿಗೆಯ ಹತ್ತಿರ ಹೋಗಿ ನಿಲ್ಲುತ್ತೇವೆ. 1861ರಲ್ಲಿ ಅಮೆರಿಕದ ಕೆಲವು ಹವ್ಯಾಸಿಗಳು ಪಟ ವಿನಿಮಯಕ್ಕೆಂದೇ ಒಂದು ಸಂಘ ಕಟ್ಟಿಕೊಂಡರು. ಎರಡು ತಿಂಗಳಿಗೊಮ್ಮೆ, ಗೊತ್ತಾದ ದಿನದೊಳಗೆ, ಪ್ರತಿಯೊಬ್ಬನೂ ತನ್ನ ಪಟದ ಪ್ರತಿಯನ್ನು ಉಳಿದ ಸದಸ್ಯರಿಗೆಲ್ಲ ಅಂಚೆಯಲ್ಲಿ ಕಳಿಸಬೇಕು. ದೇಶದಲ್ಲಿ ಅಂತರ್ಯುದ್ಧ ನಡೆದಿತ್ತು, ಸಂಘ ಬಹಳ ಕಾಲ ಬಾಳಲಿಲ್ಲ. ಆದರೂ ‘ಗಡುವು’ ಎಂಬುದು ಹವ್ಯಾಸದೊಳಗೆ ಕಾಲಿಟ್ಟಾಗಿತ್ತು. ಮುಂದೆ ಊರೂರಿನ ಕ್ಯಾಮೆರಾ ಕ್ಲಬ್ಬುಗಳು ಅದಕ್ಕೆ ‘ಕೊಟ್ಟ ವಿಷಯ’ವನ್ನೂ ಸೇರಿಸಿದವು: ಈ ತಿಂಗಳು ಮಳೆ, ಮುಂದಿನ ತಿಂಗಳು ಮುದುಕರು.

ನಮ್ಮ ದೇಶ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಮುಂಬೈಯಲ್ಲಿ ಫೋಟೊಗ್ರಾಫಿಕ್ ಸೊಸೈಟಿ 1854ರಲ್ಲೇ ಹುಟ್ಟಿತು, ಕಲ್ಕತ್ತ ಮತ್ತು ಮದ್ರಾಸಿನಲ್ಲಿ 1856ರಲ್ಲಿ. ಅದೇ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೇನೆಯ ಅಧಿಕಾರಿ ಹಂಪಿಯ ಬಂಡೆಗಳ ನಡುವೆ ದೊಡ್ಡ ಕ್ಯಾಮೆರಾ ಹೂಡಿ ಮೇಣ ಹಚ್ಚಿದ ಕಾಗದದ ಮೇಲೆ ನೆಗೆಟಿವ್ ತೆಗೆಯುತ್ತಿದ್ದ. ಯುದ್ಧ ಅವನ ನೌಕರಿ, ಪಟ ಅವನ ಹುಚ್ಚು. ಇತ್ತ ಮುಂಬೈ ಕಡೆಯ ಬಿಗ್ಸ್ ಮತ್ತು ಪಿಗೂ, ಹಳೇಬೀಡು ಬೇಲೂರಿನ ಕಡೆ ನೀಲ್ ತೆಗೆದ ಪಟಗಳನ್ನು ಒಟ್ಟುಮಾಡಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ-ಮೈಸೂರು ವಾಸ್ತುಶಿಲ್ಪದ ದೊಡ್ಡ ಪುಸ್ತಕ ಬಂತು. ಅದಕ್ಕೆ ಚರಿತ್ರೆಯ ಭಾಗ ಬರೆದವನು ನಮ್ಮ ಸುರಪುರದ ಮೆಡೋಸ್ ಟೇಲರ್. ಅವನಿಗೆ ಲಿಂಗಸುಗೂರೂ ಗೊತ್ತು, ಕೃಷ್ಣೆಯ ಎರಡೂ ದಂಡೆ ಗೊತ್ತು. ಆದರೆ ಪುಸ್ತಕದ ಹೆಸರಿನಲ್ಲಿ ಧಾರವಾಡವಿದೆ, ಮೈಸೂರಿದೆ. ನಿಜಾಮನ ಸೀಮೆಗೆ ಸೇರಿದ್ದ, ಕೃಷ್ಣೆ-ತುಂಗಭದ್ರೆಗಳ ನಡುವಿನ ನಮ್ಮ ದೋಆಬು ಇಲ್ಲ. ಬಾಣಂತಿಯಂತೆ ಬಿಸಿಲಿಗೆ ಬೆನ್ನು ಕೊಟ್ಟು ಕೂತ ಈ ನೆಲಕ್ಕೆ ಯಾರೂ ಕ್ಯಾಮೆರಾ ಹೊತ್ತು ಬರಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬಹುದು. ನಾನು ಮಾಡಿಕೊಳ್ಳುವುದಿಲ್ಲ. ಬಂದವರೆಲ್ಲ ಗುಡಿ ಗೋಪುರ ಹುಡುಕಿಕೊಂಡೇ ಬಂದವರು. ನಮ್ಮಲ್ಲಿ ನೋಡುವಂಥದ್ದು ಬೇರೆ ಜಾತಿಯದು.

ಮಸ್ಕಿಯದೇ ಉದಾಹರಣೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಈ ಭಾಗದ ಗುಡ್ಡಗಳಲ್ಲಿ ತಿರುಗುತ್ತಿದ್ದಾಗ ಬಂಡೆಯ ಮೇಲಿನ ಬರಹ ಅವನ ಕಣ್ಣಿಗೆ ಬಿತ್ತು. ಅದು ಅಶೋಕನ ಶಾಸನ. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ಮೇಲೂ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’ ಎಂಬ ಬಿರುದೇ ಕಾಣುತ್ತಿತ್ತು. ಅಶೋಕ ಎಂಬ ಹೆಸರು ಅವನದೇ ಶಾಸನದಲ್ಲಿ ಮೊದಲು ಓದಲು ಸಿಕ್ಕಿದ್ದು ಈ ಬಂಡೆಯಲ್ಲಿ. ಶಾಸನ ಸಿಕ್ಕುವ ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಹೈದರಾಬಾದಿನ ಪ್ರಾಚ್ಯವಸ್ತು ಇಲಾಖೆಯ ಪುಸ್ತಕಮಾಲೆಯಲ್ಲಿ ಮೊದಲನೆಯದಾಗಿ ಈ ಶಾಸನದ ಕುರಿತ ಎಚ್. ಕೃಷ್ಣಶಾಸ್ತ್ರಿಗಳ ಬರಹ ಪ್ರಕಟವಾಯಿತು. ಹುಡುಕಿದವನು ಹುಡುಕುತ್ತಿದ್ದದ್ದು ಚಿನ್ನ. ಆದರೆ ಕಣ್ಣು ತೆರೆದಿಟ್ಟುಕೊಂಡಿದ್ದ. ವಾರದ ಪಟದವರಿಗೆ ಇದಕ್ಕಿಂತ ಹಿರಿಯ ಕುಲಗುರು ಬೇಕಿಲ್ಲ.

‘ಅಕ್ಷರ’ ಎಂಬ ವಿಷಯ ಬಂದ ವಾರ ಮಸ್ಕಿಗೆ ಹೋಗದಿರುವುದು ಹೇಗೆ? ಹೋದ ಮೇಲೆ ಗೊತ್ತಾಗುವುದು, ಕಲ್ಲಿನ ಬರಹದ ಪಟ ತೆಗೆಯುವುದು ಎಷ್ಟು ಜಿಗುಟು ಕೆಲಸ ಎಂದು. ನೇರ ಬೆಳಕಿನಲ್ಲಿ ಬಂಡೆ ಬರೀ ಬಂಡೆ; ಒಂದಕ್ಷರವೂ ಎದ್ದು ಬರುವುದಿಲ್ಲ. ಬೆಳಕು ಪಕ್ಕದಿಂದ, ಕಲ್ಲನ್ನು ಸವರಿಕೊಂಡು ಬಂದಾಗ ಮಾತ್ರ ಪ್ರತಿ ಗೀರಿನ ಒಂದು ಅಂಚಿಗೆ ನೆರಳು ಕಟ್ಟುತ್ತದೆ, ಆಗ ಅಕ್ಷರ ಎದ್ದು ನಿಲ್ಲುತ್ತದೆ. ಶಾಸನ ಓದುವವರು ಹಾಗೆ ಸೂರ್ಯನನ್ನು ಕಾಯುತ್ತ ಕೂರುವುದಿಲ್ಲ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಬಡಿದು ಕಾಗದವನ್ನು ಗೀರುಗಳೊಳಗೆ ಇಳಿಸುತ್ತಾರೆ. ಮೇಲೆ ಮಸಿಯ ಉಂಡೆ ಒತ್ತುತ್ತಾರೆ. ಬಂಡೆಯ ಮೈ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕ್ಯಾಮೆರಾ ಇಲ್ಲದೆ ತೆಗೆದ ಪಟವೇ ಅದು. ನಮ್ಮಂಥವರಿಗೆ ಕಲ್ಲು ಮುಟ್ಟುವ ಹಕ್ಕಿಲ್ಲ, ಇರಲೂಬಾರದು. ಬೆಳಕು ಓರೆಯಾಗುವ ತನಕ ಗುಡ್ಡದಲ್ಲೇ ಕೂತಿರಬೇಕು. ಹಾಗೆ ಕೂತಾಗ ಮಲ್ಲಯ್ಯನ ಗುಡಿಗೆ ಹತ್ತಿ ಹೋಗುವವರ ಚಪ್ಪಲಿ ಸದ್ದು, ಬುತ್ತಿ ಬಿಚ್ಚಿ ಕೂತ ಕಾಲೇಜು ಹುಡುಗರು, ಬಂಡೆಗಳ ಮೇಲೆ ಸುಣ್ಣದಲ್ಲಿ ಬರೆದ ಪ್ರೇಮಿಗಳ ಹೆಸರು ಎಲ್ಲ ಕಾಣುತ್ತವೆ. ‘ಅಕ್ಷರ’ಕ್ಕೆ ನಾನು ಕೊನೆಗೆ ಕೊಟ್ಟದ್ದು ಆ ಸುಣ್ಣದ ಬರಹವನ್ನೇ. ಅಶೋಕನ ಹೆಸರಿಗೆ ಎರಡು ಸಾವಿರ ವರ್ಷ ದಾಟಿದೆ. ಇವರದು ಬರುವ ಮಳೆಗಾಲ ದಾಟಿದರೆ ಹೆಚ್ಚು.

ಕರ್ನಾಟಕದಲ್ಲಿ ಹವ್ಯಾಸಿ ಛಾಯಾಗ್ರಹಣಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಬೆಂಗಳೂರಿನಲ್ಲಿ. 1953ರಲ್ಲಿ ಡಾ. ಜಿ. ಥಾಮಸ್ ಮುಂದಾಳತ್ವದಲ್ಲಿ ಫೆಡರೇಶನ್ ಆಫ್ ಇಂಡಿಯನ್ ಫೋಟೊಗ್ರಫಿ ಹುಟ್ಟಿತು. 1971ರಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಬಂತು. ಟಿ.ಎನ್.ಎ. ಪೆರುಮಾಳ್, ಸಿ. ರಾಜಗೋಪಾಲ್ ಅವರಂಥವರ ಹೆಸರು ದೇಶದಾಚೆಗೂ ಹೋಯಿತು. ನಮಗೆ ಹತ್ತಿರದವರೆಂದರೆ ಸಂಡೂರಿನ ಎಂ.ವೈ. ಘೋರ್ಪಡೆ. ರಾಜ್ಯದ ಹಣಕಾಸು ಮಂತ್ರಿಯಾಗಿದ್ದುಕೊಂಡೂ ಕಾಡಿನಲ್ಲಿ ಕ್ಯಾಮೆರಾ ಹಿಡಿದು ಕೂತವರು. ಅವರ ವನ್ಯಜೀವಿ ಪಟಗಳ ಪುಸ್ತಕ 1983ರಲ್ಲಿ ಲಂಡನ್ನಿನಿಂದ ಬಂತು.

ಈ ಪರಂಪರೆ ದೊಡ್ಡದು, ಆದರೆ ಅದರ ಕಟ್ಟಳೆಗಳು ನಮ್ಮ ಕಡೆಗೆ ಪೂರ್ತಿ ಹೊಂದುವುದಿಲ್ಲ. ಸ್ಪರ್ಧೆಗಳ ‘ನಿಸರ್ಗ’ ವಿಭಾಗದಲ್ಲಿ ಸಾಮಾನ್ಯವಾಗಿ ಮನುಷ್ಯನ ಕೈಯ ಗುರುತು ಕಾಣಬಾರದು. ಸಿಂಧನೂರು ತಾಲೂಕಿನಲ್ಲಿ ಅಂಥ ಜಾಗ ತೋರಿಸಿ ನೋಡೋಣ! ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಇಲ್ಲಿನ ನೀರು, ಹಸಿರು, ಕೊನೆಗೆ ಬೆಳ್ಳಕ್ಕಿ ಕೂಡ ಮನುಷ್ಯನ ಬೆನ್ನು ಹತ್ತಿ ಬಂದವೇ. ಗದ್ದೆ ಕೆಸರು ಮಾಡುವ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಯ ಹಿಂಡು ಓಡುತ್ತದೆ. ಟ್ರ್ಯಾಕ್ಟರ್ ತೆಗೆದರೆ ಹಕ್ಕಿಯೂ ಇಲ್ಲ. ‘ಬಿಳಿ’ ಎಂಬ ವಿಷಯ ಬಂದಾಗ ಮೊದಲು ತೆಗೆದದ್ದು ಅದನ್ನೇ. ಆಮೇಲೆ ನೋಡಿದರೆ ಊರ ತುಂಬ ಬಿಳಿ: ರೈಸ್‌ಮಿಲ್ಲಿನ ಹಮಾಲರ ರೆಪ್ಪೆಯ ಮೇಲೆ ಕೂತ ತೌಡು, ಮಸ್ಕಿ ರಸ್ತೆಯಲ್ಲಿ ಹತ್ತಿ ಹೇರಿದ ಟ್ರ್ಯಾಲಿಯಿಂದ ಹಾರಿ ಜಾಲಿಗಂಟಿಗೆ ಸಿಕ್ಕಿಕೊಂಡ ಅರಳೆ, ಆರ್.ಎಚ್. ಕ್ಯಾಂಪಿನಲ್ಲಿ ಪೂರ್ವ ಬಂಗಾಳದಿಂದ ಬಂದು ನೆಲೆನಿಂತ ಮನೆಯ ಮುದುಕಿಯ ಕೈಯ ಶಂಖದ ಬಳೆ.

‘ಎತ್ತರ’ ಎಂಬ ವಿಷಯಕ್ಕೆ ಲಿಂಗಸುಗೂರು ದಾರಿ ಹಿಡಿದೆ. ಮುದಗಲ್ಲಿನ ಕೋಟೆ ಇತ್ತು, ಆದರೆ ಕೋಟೆ ಎಲ್ಲರೂ ಕೊಡುತ್ತಾರೆ. ಹಟ್ಟಿಯ ಚಿನ್ನದ ಗಣಿಯಲ್ಲಿ ದೂರದಿಂದಲೇ ಕಾಣುವುದು ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರ, ಅದರ ನೆತ್ತಿಯಲ್ಲಿ ತಿರುಗುವ ಗಾಲಿ. ಆ ಸೀಮೆಯ ಅತಿ ಆಳದ ತಗ್ಗಿನ ಬಾಯಿಗೆ ನಿಲ್ಲಿಸಿದ್ದೇ ಊರಿನ ಅತಿ ಎತ್ತರದ ಕಂಬ. ಗಣಿಯೊಳಗೆ ಕ್ಯಾಮೆರಾ ಬಿಡುವ ಮಾತಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಪಾಳಿ ಮುಗಿಸಿ ಬಂದವರು ಚಹಾದಂಗಡಿಯಲ್ಲಿ ತಲೆ ಹಿಂದಕ್ಕೆ ಹಾಕಿ ಆಕಾಶ ನೋಡುತ್ತಿದ್ದರಲ್ಲ, ಅವರು ಸಾಕಾಗಿತ್ತು.

ಮೊದಲು ನಮ್ಮ ಕಡೆಯ ಊರುಗಳಲ್ಲಿ ಪಟ ಎಂದರೆ ಸ್ಟುಡಿಯೊ. ಮದುವೆ, ಸೀಮಂತ, ಶಾಲೆಯ ಗ್ರೂಪ್ ಫೋಟೊ, ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಸೈಜು. ಮನೆಯಲ್ಲಿ ಕ್ಯಾಮೆರಾ ಇದ್ದರೂ ಒಂದು ರೀಲಿನ 36 ಪಟ ಮುಗಿಯುವುದರೊಳಗೆ ಯುಗಾದಿಯೂ ಮೊಹರಮ್ಮೂ ಬಂದು ಹೋಗಿರುತ್ತಿದ್ದವು. ತೊಳೆಸಿದಾಗ ಒಂದೇ ರೀಲಿನ ಮೊದಲ ಪಟದಲ್ಲಿ ಕೂಸು ಅಂಬೆಗಾಲಿಡುತ್ತಿತ್ತು, ಕೊನೆಯ ಪಟದಲ್ಲಿ ನಡೆಯುತ್ತಿತ್ತು. ಅಂಥ ಕಾಲದಲ್ಲಿ ವಾರಕ್ಕೊಂದು ಪಟ ಎಂದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಕ್ಯಾಮೆರಾ ಮೊಬೈಲಿನೊಳಗೆ ಸೇರಿತು, 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಆಮೇಲೆ ಹಿಡಿಯುವವರಿಲ್ಲ.

ಅಗ್ಗವಾದದ್ದು ಒಳ್ಳೆಯದೇ. ಆದರೆ ಮುದಗಲ್ಲಿನ ಮೊಹರಂ ರಾತ್ರಿ ಆಲಂಗಳಿಗಿಂತ ಮೇಲೆ ಎತ್ತಿದ ಮೊಬೈಲುಗಳೇ ಹೆಚ್ಚು ಕಾಣುವಾಗ, ಸೋಮಲಾಪುರದ ಅಂಬಾಮಠದಲ್ಲಿ ಬನದ ಹುಣ್ಣಿಮೆಯ ತೇರು ಕಣ್ಣಿಗೆ ಬೀಳುವ ಮೊದಲು ಪರದೆಯಲ್ಲಿ ಕಾಣುವಾಗ, ಕೊಟ್ಟ ವಿಷಯದ ಬೆಲೆ ತಿಳಿಯುತ್ತದೆ. ಜಾತ್ರೆ ವರ್ಷಕ್ಕೊಮ್ಮೆ. ವಾರದ ವಿಷಯ ಜಾತ್ರೆ ಇಲ್ಲದ ಮಂಗಳವಾರಕ್ಕೂ ಕೆಲಸ ಹಚ್ಚುತ್ತದೆ. ಪಟಕ್ಕೆ ಯೋಗ್ಯವಾದದ್ದು ಯಾವುದು ಎಂಬ ತೀರ್ಮಾನವನ್ನು ಅದು ನಮ್ಮ ಕೈಯಿಂದ ಕಿತ್ತುಕೊಳ್ಳುತ್ತದೆ. ನಾನಾಗಿ ಆರಿಸಿದ್ದರೆ ಕೋಟೆ, ತೇರು, ಮುಳುಗುವ ಸೂರ್ಯ ಮೂರರಲ್ಲೇ ಸುತ್ತುತ್ತಿದ್ದೆ.

ಪಟದ ಬೆಲೆ ಕಾಲ ಕಳೆದ ಮೇಲೂ ತಿಳಿಯುತ್ತದೆ. ಗ್ರೀನ್‌ಲಾ ನಿಂತಲ್ಲೇ ಹೋಗಿ ನಿಂತು ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ 1983ರಲ್ಲಿ ಹಂಪಿಯ ಅವೇ ಪಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕಲ್ಲು ಬಿತ್ತು, ಯಾವ ಕಂಬ ಎದ್ದಿತು ಎಂಬುದು ಕಾಣುತ್ತದೆ. ನಮ್ಮ ಕಾಲುವೆಯ ಕೊನೆಭಾಗದ ತೂಬಿಗೆ ನೀರು ಬಂದ ವಾರ ಯಾವುದು, ಬಾರದ ವಾರ ಯಾವುದು ಎನ್ನುವುದಕ್ಕೂ ಮುಂದೊಂದು ದಿನ ಇಂಥ ಪಟಗಳೇ ಬೇಕಾದಾವು. ಊರು, ತಾರೀಕು ಬರೆದಿಟ್ಟರೆ ಸಾಕು.

‘ಸಾಲು’ ಎಂಬ ವಿಷಯ ಬಂದದ್ದು ನಾಟಿಯ ಕಾಲದಲ್ಲಿ. ಗದ್ದೆಯ ಅಡ್ಡಕ್ಕೆ ಸಾಲು ಹಿಡಿದು, ಮೊಣಕಾಲುದ್ದ ಕೆಸರಿನಲ್ಲಿ ಹಿಂದಕ್ಕೆ ಹೆಜ್ಜೆ ಇಡುತ್ತ ಹೆಂಗಸರು ಸಸಿ ಹಚ್ಚುತ್ತಿದ್ದರು. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ನೀರಿಗೆ ಹೋಗಿ ಬರುವುದು ಕಣ್ಣಿಗೆ ಸಿಗದಷ್ಟು ಬೇಗ. ಬದುವಿನ ಮೇಲೆ ಕೂತು ಬಾಗಿದ ಬೆನ್ನುಗಳ ಸಾಲನ್ನು ಫ್ರೇಮಿಗೆ ಹೊಂದಿಸುತ್ತಿದ್ದೆ. ಕೈ ನಿಲ್ಲಿಸದೆ ಒಬ್ಬಾಕೆ ಕೂಗಿದಳು:

“ಏ ತಮ್ಮಾ, ಬಂದವರೆಲ್ಲಾ ನಮ್ಮ ಬೆನ್ನ ತೆಗದು ಹೊಕ್ಕಾರ. ನೀನರ ಒಂದೀಟು ಮಾರಿ ತೆಗಿ!”

ಸಾಲೆಲ್ಲ ನಕ್ಕಿತು. ಎಲ್ಲರೂ ಸೊಂಟ ಹಿಡಿದು ಎದ್ದು ನಿಂತರು, ಸೆರಗು ಸರಿಮಾಡಿಕೊಂಡರು, ಕೆಸರಿನ ಕೈ ಹಿಂದಕ್ಕೆ ಮುಚ್ಚಿಟ್ಟರು. ಮೇಸ್ತ್ರಿ ಬದುವಿನಿಂದ ಗದರಿದ. ಆ ವಾರ ಕೊಟ್ಟದ್ದು ಆ ಮುಖಗಳ ಸಾಲು. ತೀರ್ಪು ಕೊಟ್ಟವರು, ಕೆಲಸದ ಭಂಗಿ ಇರಬೇಕಿತ್ತು ಎಂದು ಅಂಕ ಕಡಿಮೆ ಹಾಕಿದರು.

ಪಟದ ಪ್ರತಿ ತೆಗೆಸಲು ಸ್ಟುಡಿಯೊಕ್ಕೆ ಹೋದಾಗ ಅಲ್ಲಿನ ಹುಡುಗ, “ಅಣ್ಣಾ, ಹಿಂದಿನ ಕೆಸರು ತೆಗದು ನೀಲಿ ಬ್ಯಾಗ್ರೌಂಡ್ ಹಾಕ್ಲೇನು?” ಎಂದ. ಬೇಡ ಎಂದು ಹಾಗೇ ಪ್ರಿಂಟು ಹಾಕಿಸಿ ಗದ್ದೆಗೆ ಒಯ್ದೆ. ತಂಡ ಅಷ್ಟರಲ್ಲಿ ಎರಡು ಕ್ಯಾಂಪು ಆಚೆ ಹೋಗಿತ್ತು. ಊಟದ ಹೊತ್ತು. ರೊಟ್ಟಿ ಹಿಡಿದ ಕೈಗಳು ಪ್ರಿಂಟನ್ನು ಅಂಚು ಹಿಡಿದು ಒಬ್ಬರಿಂದೊಬ್ಬರಿಗೆ ದಾಟಿಸಿದವು. ಸಾಲಿನ ತುದಿಯಲ್ಲಿ ನಿಂತಿದ್ದಾಕೆಯ ಅರ್ಧ ಮುಖ ಚೌಕಟ್ಟಿನ ಆಚೆ ಹೋಗಿತ್ತು. ಆಕೆ ಪಟವನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೇ ವಾಪಸ್ಸು ಕೊಟ್ಟಳು.

“ಉಳದರ್ಧ ಯಾವಾಗ ತೆಗಿತಿ, ಹೇಳು. ಬರೂ ವಾರ ನಾವು ಇಲ್ಲೇ ಇರ್ತೀವಿ.”