ವೈದ್ಯರ ಮೇಜಿನ ಮೇಲೆ ಗಣಕ: ಅನುಕೂಲವೆಷ್ಟು, ಹೊರೆಯೆಷ್ಟು?

ಉಣಕಲ್ಲಿನ ಒಬ್ಬ ಮಧುಮೇಹ ರೋಗಿಯನ್ನು ಊಹಿಸಿಕೊಳ್ಳಿ. ಹತ್ತು ವರ್ಷಗಳಿಂದ ಅವರದು ಒಬ್ಬರೇ ಕುಟುಂಬ ವೈದ್ಯರು. ಒಂದು ರಾತ್ರಿ ಎದೆನೋವು ಬಂದು, ಮನೆಯವರು ಅವರನ್ನು ಹುಬ್ಬಳ್ಳಿ ವಿದ್ಯಾನಗರದ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಯಾವ ಮಾತ್ರೆ ಸೇವಿಸುತ್ತಿದ್ದಾರೆ? ಯಾವ ಔಷಧಿ ಒಗ್ಗುವುದಿಲ್ಲ? ಚೀಟಿಗಳ ಚೀಲ ಮನೆಯಲ್ಲೇ ಉಳಿದಿದ್ದರೆ ಉತ್ತರಿಸುವವರಾರು?

ಈ ತೊಡಕಿಗೆ ಪರಿಹಾರವೆಂದೇ ವಿದ್ಯುನ್ಮಾನ ವೈದ್ಯಕೀಯ ದಾಖಲೆ ಬಂದಿದೆ. ಚೀಟಿಯ ಫೋಟೋ ತೆಗೆದಿಟ್ಟರೆ ಅದು ಇಂಥ ದಾಖಲೆಯಾಗುವುದಿಲ್ಲ. ಇಲ್ಲಿ ರಕ್ತದೊತ್ತಡ, ಸಕ್ಕರೆಯ ಪ್ರಮಾಣ, ರೋಗ, ಔಷಧಿ, ಅಲರ್ಜಿ ಇವೆಲ್ಲಕ್ಕೂ ಪ್ರತ್ಯೇಕ ಅಂಕಣಗಳಿರುತ್ತವೆ. ಆದ್ದರಿಂದಲೇ ಗಣಕವು ಸಕ್ಕರೆಯ ಏರಿಳಿತವನ್ನು ನಕ್ಷೆಯಾಗಿ ತೋರಿಸಬಲ್ಲದು. ಪೆನಿಸಿಲಿನ್ ಒಗ್ಗದವರಿಗೆ ಅಮಾಕ್ಸಿಸಿಲಿನ್ ಬರೆದರೆ ಎಚ್ಚರಿಸಬಲ್ಲದು.

ಹಾಗಿದ್ದರೂ ವೈದ್ಯರೆಲ್ಲ ಇದನ್ನು ಮೆಚ್ಚಿಲ್ಲ, ಏಕೆ? ಅಂಕಣಗಳನ್ನು ತುಂಬಲು ಸಮಯ ಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 142 ಕುಟುಂಬ ವೈದ್ಯರ ಬಗ್ಗೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರ ದಿನದ 11.4 ಗಂಟೆಗಳ ದುಡಿಮೆಯಲ್ಲಿ 5.9 ಗಂಟೆ ದಾಖಲೆಗೇ ಹೋಗುತ್ತಿತ್ತು! ಅದೇ ವರ್ಷ 67 ದೇಶಗಳ ಮಾಹಿತಿಯನ್ನು ಪರಿಶೀಲಿಸಿದ ವರದಿಯ ಪ್ರಕಾರ, ಭಾರತದಲ್ಲಿ ಪ್ರಾಥಮಿಕ ಚಿಕಿತ್ಸೆಯ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸರಾಸರಿ ಸುಮಾರು ಎರಡು ನಿಮಿಷ.

ಈಗ ನೀವೇ ಲೆಕ್ಕ ಹಾಕಿ. ದಿನಕ್ಕೆ 60 ರೋಗಿಗಳು, ಪ್ರತಿಯೊಬ್ಬರಿಗೂ ಒಂದು ನಿಮಿಷದ ಬೆರಳಚ್ಚು ಎಂದರೆ ಒಂದು ಗಂಟೆ ಹೆಚ್ಚಿನ ಕೆಲಸ. ಇಲ್ಲವೇ ಎರಡು ನಿಮಿಷಗಳಲ್ಲಿ ಅರ್ಧ ಸಮಯ ವೈದ್ಯರ ಕಣ್ಣು ಪರದೆಯ ಮೇಲೆ. ಪ್ರಯೋಗಾಲಯದ ವರದಿ ತಾನಾಗಿಯೇ ದಾಖಲೆಗೆ ಸೇರುವಂತಿದ್ದರೆ, ಹಳೆಯ ಔಷಧಿಪಟ್ಟಿ ಒಂದೇ ಒತ್ತಿಗೆ ಬರುವಂತಿದ್ದರೆ ಈ ಹೊರೆ ಇಳಿಯುತ್ತದೆ. ವೈದ್ಯರ ತೃಪ್ತಿ ನಿಂತಿರುವುದು ಈ ಕೊಡುಕೊಳ್ಳುವಿಕೆಯ ಮೇಲೆ: ಬರೆದಷ್ಟು ಪ್ರಯೋಜನ ಮರಳಿ ಸಿಗಬೇಕು.

ದಾಖಲೆ ಒಂದೇ ದವಾಖಾನೆಯಲ್ಲಿ ಉಳಿದರೆ ನಮ್ಮ ರೋಗಿಗೆ ಪ್ರಯೋಜನ ಅಷ್ಟಕ್ಕಷ್ಟೆ. ಭಾರತ ಸರ್ಕಾರ 2013ರಲ್ಲಿ ಇಂಥ ದಾಖಲೆಗಳಿಗೆ ಮಾನಕಗಳನ್ನು ರೂಪಿಸಿ 2016ರಲ್ಲಿ ಪರಿಷ್ಕರಿಸಿತು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಯಿತು. ಇದರಲ್ಲಿ ರೋಗಿಗೆ 14 ಅಂಕಿಗಳ ‘ಆಭಾ’ ಸಂಖ್ಯೆ ದೊರೆಯುತ್ತದೆ. ದಾಖಲೆ ಹುಟ್ಟಿದ ಸ್ಥಳದಲ್ಲೇ ಇದ್ದು, ರೋಗಿ ಒಪ್ಪಿದರೆ ಮಾತ್ರ ಬೇರೆ ವೈದ್ಯರಿಗೆ ಕಾಣುತ್ತದೆ. ಆದರೆ ಎರಡೂ ಕಡೆಯ ತಂತ್ರಾಂಶಗಳು ಈ ಜಾಲಕ್ಕೆ ಸೇರಿರಬೇಕು.

ಅಲ್ಲಿಯವರೆಗೆ? ಮನೆಯ ಹಿರಿಯರ ರೋಗ, ಔಷಧಿಯ ಹೆಸರು ಮತ್ತು ಪ್ರಮಾಣ, ಅಲರ್ಜಿ, ಕೊನೆಯ ಪರೀಕ್ಷೆಯ ದಿನಾಂಕ ಇವನ್ನು ಒಂದು ಹಾಳೆಯಲ್ಲಿ ಅಂಕಣ ಹಾಕಿ ಬರೆಯಿರಿ. ವೈದ್ಯರಿಗೆ ತೋರಿಸಿ ಸರಿಪಡಿಸಿಕೊಳ್ಳಿ. ಶಿಕ್ಷಕರು ತರಗತಿಯಲ್ಲಿ ಮಾಡಿಸಬಹುದಾದ ಚಟುವಟಿಕೆಯಿದು. ಆ ಹಾಳೆ ಸದಾ ಹಿರಿಯರ ಜೇಬಿನಲ್ಲಿರಲಿ.