ಅಂಗಳದ ನಿತ್ಯಪುಷ್ಪವೂ ಉಳಿದ ಒಂದು ಕಣವೂ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಅನೇಕ ಮನೆಗಳ ಅಂಗಳದಲ್ಲಿ ನಿತ್ಯಪುಷ್ಪದ ಗಿಡವಿರುತ್ತದೆ. ಕಾಶಿಕಣಗಿಲೆಯೆಂದೂ, ಗಡಿಯಾಚೆಯ ಮರಾಠಿಯಲ್ಲಿ ಸದಾಫುಲಿಯೆಂದೂ ಕರೆಯಲ್ಪಡುವ ಈ ಗಿಡ ಹೆಚ್ಚು ನೀರನ್ನೂ ಬೇಡದು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡಲಾಗುವ ವಿನ್‌ಕ್ರಿಸ್ಟಿನ್ ಎಂಬ ಔಷಧದ ಮೂಲ ಇದೇ.

ಅದು ತಿಳಿದುಬಂದ ಬಗೆ ಸೋಜಿಗದ್ದು. ಜಮೈಕಾ ದ್ವೀಪದ ಜನರು ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆಂದು ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಕೆನಡಾಕ್ಕೆ ಬಂದ ಎಲೆಗಳ ಸಾರವನ್ನು ರಾಬರ್ಟ್ ನೋಬಲ್ ಅವರು ಇಲಿಗಳ ಮೇಲೆ ಪರೀಕ್ಷಿಸಿದರು. ಬಾಯಿಯಿಂದ ಕೊಟ್ಟಾಗ ಸಕ್ಕರೆ ಇಳಿಯಲಿಲ್ಲ. ಸೂಜಿಯಿಂದ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ನೋಡಿದರೆ ಅವುಗಳ ಬಿಳಿಯ ರಕ್ತಕಣಗಳೇ ಕುಸಿದಿದ್ದವು. ಹಾಗಿದ್ದರೆ ಬಿಳಿಯ ಕಣಗಳು ಮಿತಿಮೀರಿ ಬೆಳೆಯುವ ರೋಗಕ್ಕೆ ಇದು ಮದ್ದಾಗಬಾರದೇಕೆ? ಅಮೆರಿಕದ ಎಲಿ ಲಿಲ್ಲಿ ಸಂಸ್ಥೆಯವರು ರಕ್ತದ ಕ್ಯಾನ್ಸರ್ ಇದ್ದ ಇಲಿಗಳಿಗೆ ಈ ಗಿಡದ ಸಾರವನ್ನು ಕೊಡಲಾಗಿ, ಅವು ಹೆಚ್ಚು ದಿನ ಬದುಕಿದವು. 1963ರಲ್ಲಿ ವಿನ್‌ಕ್ರಿಸ್ಟಿನ್ ಅಲ್ಲಿ ಬಳಕೆಗೆ ಬಂದಿತು.

ದಯೆಯ ಮಾತು ಕೇಳಿ ಬೆಳೆದ ನಮಗೆ ಆ ಇಲಿಗಳ ಸಾವು ಹಿತವೆನಿಸದು. ಆದರೆ ಅವುಗಳಿಂದ ದೊರೆತ ತಿಳಿವಳಿಕೆಯನ್ನು ನಾವು ಕಡೆಗಣಿಸಬಾರದು. 1964ರಲ್ಲಿ ಹೊವಾರ್ಡ್ ಸ್ಕಿಪ್ಪರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳು ಎರಡು ಸಂಗತಿಗಳನ್ನು ತೋರಿಸಿದವು. ರೋಗದ ಒಂದೇ ಒಂದು ಕಣ ಉಳಿದರೂ ಅದು ಬೆಳೆದು ಇಲಿಯನ್ನು ಕೊಲ್ಲಬಲ್ಲದು. ಮದ್ದಿನ ಪ್ರತಿ ಸರದಿಯೂ ಇರುವ ಕಣಗಳಲ್ಲಿ ಒಂದು ಪಾಲನ್ನಷ್ಟೇ ಕೊಲ್ಲುತ್ತದೆ. ರೋಗಿಯ ದೇಹದಲ್ಲಿ ಲಕ್ಷ ಕೋಟಿ ಕಣಗಳಿದ್ದು ನೂರಕ್ಕೆ ತೊಂಬತ್ತೊಂಬತ್ತು ಸತ್ತವೆನ್ನಿ. ಸಾವಿರ ಕೋಟಿ ಉಳಿದೇ ಇರುತ್ತವೆ!

ಮನೆಮಂದಿ ಎಡವುವುದು ಇಲ್ಲಿಯೇ. ಒಂದು ತಿಂಗಳ ಚಿಕಿತ್ಸೆಯಲ್ಲಿ ಜ್ವರ ಬಿಟ್ಟು, ಮಗು ಓಡಾಡತೊಡಗಿ, ರಕ್ತಪರೀಕ್ಷೆಯೂ ಚೆನ್ನಾಗಿದೆಯೆಂದಾಗ 'ಇನ್ನೇಕೆ ಬಸ್ಸಿನ ಖರ್ಚು, ಕೂಲಿಯ ನಷ್ಟ' ಎನಿಸುತ್ತದೆ. ಈ ಮಾತನ್ನು ತಪ್ಪೆಂದು ಜರೆಯಲು ಮನಸ್ಸು ಬಾರದು. ಆದರೂ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ರಕ್ತದ ಕ್ಯಾನ್ಸರಿಗೆ ಎರಡು-ಮೂರು ವರ್ಷ ಮದ್ದು ನಡೆಯಲೇಬೇಕು. ಪೂರ್ತಿ ನಡೆದರೆ ಬಹುಪಾಲು ಮಕ್ಕಳು ಗುಣವಾಗಬಲ್ಲರು. ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲಿಯೂ ಇದೆ.

ಅಂಗಳದ ಎಲೆಯನ್ನು ಅರೆದು ಕುಡಿಸುವುದು ಖಂಡಿತ ಬೇಡ, ಅದು ವಿಷ. ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ ಮಾತ್ರ ಕೊಡುವ ಮದ್ದು. ಇನ್ನೊಂದು ಮಾತು: ಚಿಕಿತ್ಸೆಯ ಕಾಲದಲ್ಲಿ ನೋಬಲರ ಇಲಿಗಳಂತೆಯೇ ಮಗುವಿನ ಒಳ್ಳೆಯ ಬಿಳಿಯ ಕಣಗಳೂ ತಗ್ಗಿರುತ್ತವೆ. ಆಗ ಮೈ ಸ್ವಲ್ಪ ಬೆಚ್ಚಗಾದರೂ ಬೆಳಗಾಗಲೆಂದು ಕಾಯದೆ, ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಬೇಕು.