ರಸ್ತೆ ಅಗಲವಾದರೆ ಸಾಲದು, ಒಂದಕ್ಕೊಂದು ಕೂಡಬೇಕು

ಮೈಸೂರು ದಕ್ಷಿಣಕ್ಕೆ ಬೆಳೆಯುತ್ತಿದೆ. ಒಂದು ಕಡೆ ಮಂಡಕಳ್ಳಿ, ಕಡಕೊಳ, ತಾಂಡವಪುರ ದಾಟಿ ನಂಜನಗೂಡಿನತ್ತ, ಇನ್ನೊಂದು ಕಡೆ ವರುಣದ ಮೇಲೆ ತಿ. ನರಸೀಪುರದತ್ತ ಸೈಟಿನ ಬೋರ್ಡುಗಳು ಸಾಗುತ್ತಿವೆ. ಈ ಎರಡು ತಾಲ್ಲೂಕುಗಳ ತಗಡೂರಿನಂಥ ಊರುಗಳಿಂದ ಮೈಸೂರಿಗೆ ಓಡಾಡುವವರನ್ನು ಟ್ರಾಫಿಕ್ ಯಾಕೆ ಹೀಗಾಯಿತು ಎಂದು ಕೇಳಿದರೆ ಬರುವ ಉತ್ತರ ಒಂದೇ: ಜನ ಹೆಚ್ಚಾದರು, ಗಾಡಿ ಹೆಚ್ಚಾದವು, ರಸ್ತೆ ಸಾಲದು, ಅಗಲ ಮಾಡಬೇಕು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. 2001ರಲ್ಲಿ ಸುಮಾರು ಏಳೂವರೆ ಲಕ್ಷವಿದ್ದ ಮೈಸೂರು ನಗರದ ಜನಸಂಖ್ಯೆ 2011ರ ಗಣತಿಯ ಹೊತ್ತಿಗೆ 9 ಲಕ್ಷದ ಹತ್ತಿರ ಬಂದಿತ್ತು. ಆದರೆ ಅಷ್ಟೇ ಜನ ಎರಡು ಬೇರೆ ಬೇರೆ ರೀತಿಯ ಬಡಾವಣೆಗಳಲ್ಲಿ ನೆಲೆಸಿದರೆ ಮುಖ್ಯರಸ್ತೆಯ ಮೇಲೆ ಬೀಳುವ ಹೊರೆ ಎರಡು ತೆರನಾಗಿರುತ್ತದೆ. ವ್ಯತ್ಯಾಸ ಇರುವುದು ರಸ್ತೆಯ ಅಗಲದಲ್ಲಿ ಅಲ್ಲ, ಒಂದು ಬೀದಿ ಇನ್ನೊಂದಕ್ಕೆ ಕೂಡಿದೆಯೇ ಇಲ್ಲವೇ ಎಂಬುದರಲ್ಲಿ.

ಇದನ್ನು ಕಣ್ಣಾರೆ ನೋಡಲು ಮೈಸೂರಿನ ಹಳೆಯ ಮತ್ತು ಹೊಸ ಭಾಗಗಳೇ ಸಾಕು. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗು ಬಂದು ಇಕ್ಕಟ್ಟಿನ ಕೇರಿಗಳು ನರಳಿದ ಮೇಲೆ, ಊರನ್ನು ಸುಧಾರಿಸಲು 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಚಾಮರಾಜಪುರ, ಲಕ್ಷ್ಮೀಪುರ, ಕೃಷ್ಣಮೂರ್ತಿಪುರದಂಥ ಹಳೆಯ ಮೊಹಲ್ಲಾಗಳಲ್ಲಿ ಮೇನ್ ರಸ್ತೆಯನ್ನು ಕ್ರಾಸ್ ರಸ್ತೆ ಕಡಿಯುತ್ತದೆ, ಆ ಕ್ರಾಸು ಮುಂದಿನ ಮೇನಿಗೆ ಸೇರುತ್ತದೆ. ಮನೆಗಳ ಹಿಂದೆ ಸಫಾಯಿಗೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಯೂ ಉಂಟು. ಒಂದು ಬೀದಿಯಲ್ಲಿ ಪೆಂಡಾಲು ಹಾಕಿದರೆ ಪಕ್ಕದ ಬೀದಿಯಲ್ಲಿ ಹೋದರಾಯಿತು. ಈಗಿನ ಖಾಸಗಿ ಬಡಾವಣೆಗಳು ಹುಟ್ಟುವ ಬಗೆಯೇ ಬೇರೆ. ಒಬ್ಬರ ಹೊಲ ಕನ್ವರ್ಷನ್ ಆಗುತ್ತದೆ, ಆ ಸರ್ವೆ ನಂಬರಿನ ಆಕಾರದಲ್ಲೇ ಬಡಾವಣೆ ಏಳುತ್ತದೆ. ಮುಖ್ಯರಸ್ತೆಗೆ ಒಂದು ಕಮಾನು, ಉಳಿದ ಮೂರು ಕಡೆ ಕಾಂಪೌಂಡು. ಪಕ್ಕದ ಹೊಲ ನಾಲ್ಕು ವರ್ಷದ ನಂತರ ಬಡಾವಣೆಯಾದಾಗ ಅದಕ್ಕೂ ಬೇರೆಯದೇ ಕಮಾನು. ಎರಡರ ನಡುವೆ ಆರಡಿ ಗೋಡೆ. ಗೋಡೆಯ ಆಚೆಗಿನ ಮನೆಗೆ ಹೋಗಬೇಕಾದವರು ತಮ್ಮ ಗೇಟಿನಿಂದ ಹೊರಬಿದ್ದು, ಹೆದ್ದಾರಿ ಹಿಡಿದು, ಯೂಟರ್ನ್ ಹುಡುಕಿ, ಆ ಗೇಟಿನೊಳಗೆ ಹೊಗಬೇಕು. ಕೂಗಿದರೆ ಕೇಳುವಷ್ಟು ದೂರಕ್ಕೆ ಸ್ಕೂಟರ್ ಬೇಕಾಗುತ್ತದೆ! ಹೆದ್ದಾರಿಯಲ್ಲಿ ಕಾಣುವ ವಾಹನಗಳಲ್ಲಿ ಹೀಗೆ ಪಕ್ಕದ ಮನೆಗೆ, ಹಾಲಿನಂಗಡಿಗೆ, ಟ್ಯೂಷನ್‌ಗೆ ಹೊರಟವೂ ಸೇರಿವೆ. ಅವುಗಳಿಗೆ ಹೆದ್ದಾರಿಯಲ್ಲಿ ಕೆಲಸವೇ ಇರಬಾರದಿತ್ತು.

ಹಾಗಾದರೆ, ಮೊದಲು ಹೇಳಿದ ನಂಬಿಕೆಯಂತೆ, ಹೆದ್ದಾರಿಯನ್ನೇ ಅಗಲಿಸಿದರೆ? ಹೊಸದಾಗಿ ಸಿಕ್ಕ ಜಾಗಕ್ಕೆ ಹೊಸ ಗಾಡಿಗಳೂ ಬಂದು ಸೇರುತ್ತವೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಬರೆದಿದ್ದರು. ಅಗಲಿಸುವುದೇ ತಪ್ಪು ಎಂದಲ್ಲ, ಕೂಡುರಸ್ತೆಗಳ ಕೆಲಸವನ್ನು ಅಗಲ ಮಾಡಲಾರದು ಅಷ್ಟೆ. ನಗರದಲ್ಲಿ ಪ್ರತಿ ಚದರ ಕಿಲೋಮೀಟರಿಗೆ ಕನಿಷ್ಠ 18 ಕಿ.ಮೀ. ಬೀದಿ ಇರಬೇಕು ಎಂಬುದು ವಿಶ್ವಸಂಸ್ಥೆಯ ಆವಾಸ ವಿಭಾಗದ ಶಿಫಾರಸು. ನೂರು ಮೀಟರಿಗೊಂದು ಅಡ್ಡರಸ್ತೆ, ನೂರು ಮೀಟರಿಗೊಂದು ಉದ್ದರಸ್ತೆ ಹಾಕಿ ಲೆಕ್ಕ ಮಾಡಿದರೆ ಸುಮಾರು 20 ಕಿ.ಮೀ. ಆಗುತ್ತದೆ, ಹೆಚ್ಚುಕಡಿಮೆ ನಮ್ಮ ಹಳೆಯ ಮೊಹಲ್ಲಾಗಳ ಹೆಣಿಗೆಯೇ ಅದು.

"ಅಡ್ಡರಸ್ತೆ ಹೆಚ್ಚಾದಷ್ಟೂ ಅಪಘಾತ ಹೆಚ್ಚು, ಒಂದೇ ಗೇಟಿನ ಬಡಾವಣೆಯೇ ಕ್ಷೇಮ" ಎಂಬುದು ಎರಡನೆಯ ನಂಬಿಕೆ. ಸಾರಿಗೆ ಸಂಶೋಧಕರಾದ ವೆಸ್ಲಿ ಮಾರ್ಷಲ್ ಮತ್ತು ನಾರ್ಮನ್ ಗ್ಯಾರಿಕ್ ಕ್ಯಾಲಿಫೋರ್ನಿಯಾದ 24 ನಗರಗಳನ್ನು ಅಧ್ಯಯನ ಮಾಡಿದಾಗ ಕಂಡದ್ದು ಇದಕ್ಕೆ ವಿರುದ್ಧ: ಕೂಡುರಸ್ತೆಗಳು ದಟ್ಟವಾಗಿದ್ದ ನಗರಗಳಲ್ಲಿ ರಸ್ತೆ ಸಾವಿನ ಪ್ರಮಾಣ ಕಡಿಮೆಯಿತ್ತು. ಅಡಿಗಡಿಗೆ ಕ್ರಾಸು ಬಂದರೆ ಗಾಡಿ ನಿಧಾನಿಸಲೇಬೇಕು, ಜೀವ ಉಳಿಸುವುದು ಆ ನಿಧಾನ. ಕಳ್ಳತನದ ವಿಷಯ ಬೇರೆ. ಎಲ್ಲರೂ ಹಾದುಹೋಗುವ ಬೀದಿಗಿಂತ ಮುಚ್ಚಿದ ಬೀದಿಯಲ್ಲಿ ಮನೆಗಳ್ಳತನ ಕಡಿಮೆ ಎಂದು ಇಂಗ್ಲೆಂಡಿನ ಕೆಲವು ಅಧ್ಯಯನಗಳು ತೋರಿಸಿವೆ. ಗೇಟು ಬೇಕೆನ್ನುವವರ ಈ ಮಾತಿಗೆ ಬೆಲೆ ಕೊಡಲೇಬೇಕು. ಮನೆ ಮುಂದೆ ಲಾರಿ ನುಗ್ಗಬಾರದು ಎಂಬ ಆಸೆಯೂ ತಪ್ಪಲ್ಲ. ಆದರೆ ಅದಕ್ಕೆ ಊರಿಗೆ ಊರೇ ಗೋಡೆ ಹಾಕಬೇಕಿಲ್ಲ. ಜರ್ಮನಿ, ಡೆನ್ಮಾರ್ಕ್‌ಗಳಲ್ಲಿ ಕಾರಿಗೆ ಕೊನೆಯಾಗುವ ಎಷ್ಟೋ ಬೀದಿಗಳು ನಡೆಯುವವರಿಗೆ, ಸೈಕಲ್ಲಿನವರಿಗೆ ಮುಂದುವರಿಯುತ್ತವೆ. ನಾಲ್ಕು ಕಲ್ಲುಕಂಬ ನೆಟ್ಟರೆ ಲಾರಿ ನಿಲ್ಲುತ್ತದೆ, ಶಾಲೆಗೆ ಹೋಗುವ ಮಗು ನಿಲ್ಲುವುದಿಲ್ಲ. ಗೇಟಿನೊಳಗಿನ ರಸ್ತೆ ನಿವಾಸಿಗಳ ಸ್ವಂತದ್ದು ಎಂಬ ಭಾವನೆಯೂ ಪೂರ್ತಿ ಸರಿಯಲ್ಲ. ಮಂಜೂರಾದ ಬಡಾವಣೆಯ ರಸ್ತೆ, ಪಾರ್ಕುಗಳನ್ನು ಯೋಜನಾ ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬಿಟ್ಟುಕೊಡುವುದು ನಿಯಮ. ಬೆಂಗಳೂರಿನ ಬಡಾವಣೆಯೊಂದರ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅಂಥ ರಸ್ತೆ ಸಾರ್ವಜನಿಕರದ್ದೆಂದೇ ಹೇಳಿದೆ.

ಎಲ್ಲಕ್ಕಿಂತ ದುಬಾರಿಯಾದ ನಂಬಿಕೆ ಮೂರನೆಯದು: ಈಗ ಹೇಗೋ ಆಗಲಿ, ಮುಂದೆ ಸರ್ಕಾರ ರಸ್ತೆ ಕೂಡಿಸುತ್ತದೆ. ಕಟ್ಟಡ ಬದಲಾಗುತ್ತದೆ, ಬೀದಿ ಬದಲಾಗುವುದಿಲ್ಲ. 1666ರ ಬೆಂಕಿಯಲ್ಲಿ ಲಂಡನ್ನಿನ ನಡುಭಾಗವೇ ಸುಟ್ಟುಹೋಯಿತು, ಹೊಸ ನಕ್ಷೆಗಳೂ ತಯಾರಾದವು. ಊರು ಮಾತ್ರ ಬಹುಪಾಲು ಹಳೆಯ ಬೀದಿಗಳ ಗೆರೆಯಲ್ಲೇ ಮತ್ತೆ ಎದ್ದಿತು. ಸೈಟು ಮಾರಿ, ಮನೆ ಕಟ್ಟಿ, ಸಾಲ ತೀರಿಸುತ್ತಿರುವವರ ನಡುವೆ ಮೂವತ್ತು ಅಡಿ ಜಾಗ ಬಿಡಿಸುವುದು ಯಾವ ಅಧಿಕಾರಿಯ ಕೈಲೂ ಸುಲಭವಾಗಿ ಆಗುವ ಕೆಲಸವಲ್ಲ. ಹಾಗಂತ ದಾರಿಯೇ ಇಲ್ಲವೆಂದಲ್ಲ. ಸಂಶೋಧಕರಾದ ಬ್ಯಾರಿಂಗ್ಟನ್-ಲೀ ಮತ್ತು ಮಿಲ್ಲರ್ಡ್-ಬಾಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೂಡದ ಬೀದಿಗಳನ್ನು ಕಟ್ಟುವ ಚಾಳಿ ಅಮೆರಿಕದಲ್ಲೇ 1990ರ ದಶಕದ ಮಧ್ಯದಲ್ಲಿ ಶಿಖರ ಮುಟ್ಟಿ ಆಮೇಲೆ ಇಳಿಯಿತು. ಇಳಿದದ್ದು ಹೊಸದಾಗಿ ಹಾಕಿದ ಬೀದಿಗಳಲ್ಲಿ. ಬಡಾವಣೆಗೆ ಮೊದಲೇ ಎಚ್ಚರವಾದರೆ ಮಾತ್ರ ಕೆಲಸ ಆಗುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಕಟ್ಟುನಿಟ್ಟು ಮಾಡಿದರೆ ಸೈಟಿನ ಬೆಲೆ ಏರುತ್ತದೆ, ಬಡವರಿಗೆ ಎಟುಕುವುದಿಲ್ಲ ಎಂದು ಡೆವಲಪರುಗಳು ಹೇಳಬಹುದು. ರಸ್ತೆಗೆ ಜಾಗ ಈಗಲೂ ಬಿಡುತ್ತಿದ್ದಾರೆ. ಕೇಳುತ್ತಿರುವುದು ಹೆಚ್ಚು ಜಾಗವನ್ನಲ್ಲ, ಆ ರಸ್ತೆಯ ತುದಿ ಗೋಡೆಗೆ ಮುಗಿಯದೆ ಪಕ್ಕದ ಸರ್ವೆ ನಂಬರಿನ ಗಡಿ ಮುಟ್ಟಲಿ ಎಂದು. ಕೂಡದ ಬೀದಿಯ ಖರ್ಚನ್ನಂತೂ ಯಾರೋ ಕೊಡಲೇಬೇಕು. ಕಸದ ಗಾಡಿ ಹೋದ ದಾರಿಯಲ್ಲೇ ಹಿಂದಿರುಗಬೇಕು, ಒಳಗೆ ತಿರುಗಲಾಗದ ಸಿಟಿ ಬಸ್ಸು ಕಮಾನಿನ ಹತ್ತಿರವೇ ಇಳಿಸಿ ಹೋಗುತ್ತದೆ. ಈ ಹೊರೆ ಕಡಕೊಳದಂಥ ಊರುಗಳ ಸ್ಥಳೀಯ ಸಂಸ್ಥೆಗಳ ಹೆಗಲಿಗೆ.

ಮೈಸೂರು ಮತ್ತು ನಂಜನಗೂಡು ಈಗಾಗಲೇ ಒಂದೇ ಸ್ಥಳೀಯ ಯೋಜನಾ ಪ್ರದೇಶ. ಎರಡಕ್ಕೂ ಸೇರಿ 2031ರ ಮಹಾಯೋಜನೆ ಇದೆ. ಇಂಥ ಕರಡು ನಕ್ಷೆ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸುವ ಹಕ್ಕು ರೈತರಿಗೂ ಉಂಟು, ಸೈಟು ಕೊಳ್ಳುವವರಿಗೂ ಉಂಟು. ಹೊಲ ಕೊಡುವ ಮುಂಚೆ, ಸೈಟಿಗೆ ಮುಂಗಡ ಕಟ್ಟುವ ಮುಂಚೆ ಮಂಜೂರಾದ ನಕ್ಷೆ ತರಿಸಿ ನೋಡಿ: ಒಳಗಿನ ರಸ್ತೆಗಳಲ್ಲಿ ಎಷ್ಟು ಗಡಿಯವರೆಗೆ ಹೋಗಿವೆ? ಒಂದೂ ಹೋಗಿರದಿದ್ದರೆ, ಆ ಪ್ರಶ್ನೆಯನ್ನು ಬರಹದಲ್ಲಿ ಪ್ರಾಧಿಕಾರಕ್ಕೆ ಕಳಿಸಿ, ಸ್ವೀಕೃತಿ ಪಡೆದುಕೊಳ್ಳಿ.